ಹದಿನೇಳೋ, ಎಪ್ಪತ್ತೊಂದೋ: ದಾಳಿಕೋರರಿಗೆ ಇಂಥದ್ದೇ ವಯಸ್ಸು ಅಂತ ಇದೆಯಾ?

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ. ಈಚೆಗೆ ಎಲ್ಲಿ ದಾಳಿ ನಡೆದರೂ ಮಾಡಿದವನಿಗೆ 17, 18, 19 ವರ್ಷ ಅಂತಲೇ ಸುದ್ದಿ ಬರುತ್ತದೆ. ಭಯೋತ್ಪಾದನೆ ಹುಡುಗರ ಕೆಲಸ ಆಗಿಬಿಟ್ಟಿದೆಯಾ? ಇದಕ್ಕೆ ಅಂತ ಒಂದು ವಯಸ್ಸು ಇದೆಯಾ? ಇನ್ನೊಂದು ಮಾತು. ನನ್ನ ತರಗತಿಯಲ್ಲಿ 15 ವರ್ಷದ ಹುಡುಗನೊಬ್ಬ ಇಂಥ ದಾಳಿಗಳ ವಿಡಿಯೊ ನೋಡಿ ನಗುತ್ತಾನೆ, ಪಕ್ಕದವರಿಗೂ ತೋರಿಸುತ್ತಾನೆ. ನಾನು ಹೆದರಬೇಕಾ, ಇಲ್ಲ ವಯಸ್ಸಿನ ಹುಡುಗಾಟ ಅಂತ ಸುಮ್ಮನಿರಬೇಕಾ?

ಉತ್ತರ: ಮೊದಲ ಪ್ರಶ್ನೆಗೆ ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಇಂಥದ್ದೇ ವಯಸ್ಸು ಅಂತ ಇಲ್ಲ. ಹಾಗಂತ ವಯಸ್ಸಿಗೆ ಅರ್ಥವೇ ಇಲ್ಲ ಅಂತಲೂ ಅಲ್ಲ. ಒಬ್ಬ ದಾಳಿ ಮಾಡುತ್ತಾನಾ ಇಲ್ಲವಾ ಅನ್ನುವುದನ್ನು ವಯಸ್ಸು ಹೇಳುವುದಿಲ್ಲ. ಮಾಡಿದವನು ಯಾವ ದಾರಿ ಹಿಡಿದು ಅಲ್ಲಿಗೆ ಬಂದ, ಯಾರು ಕರೆತಂದರು, ಮಧ್ಯದಲ್ಲಿ ಎಲ್ಲಿ ತಡೆಯಬಹುದಿತ್ತು ಅನ್ನುವುದನ್ನು ಮಾತ್ರ ತಕ್ಕಮಟ್ಟಿಗೆ ಹೇಳುತ್ತದೆ. ನಿಮ್ಮ ಹುಡುಗನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅವನನ್ನು ಸರಿಯಾಗಿ ನೋಡಬೇಕಾದರೆ ಅದಕ್ಕೆ ಮುಂಚೆ ಸ್ವಲ್ಪ ಸುತ್ತಾಡಬೇಕು.

2009ರಲ್ಲಿ ವಾಷಿಂಗ್ಟನ್‌ನ ಹೊಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿ ಹತ್ಯಾಕಾಂಡ) ಸ್ಮಾರಕ ಮ್ಯೂಸಿಯಂಗೆ ರೈಫಲ್ ಹಿಡಿದು ಬಂದು ಕಾವಲುಗಾರನನ್ನು ಕೊಂದವನಿಗೆ 88 ವರ್ಷ. 2024ರ ಮೇ ತಿಂಗಳಲ್ಲಿ ಸ್ಲೊವಾಕಿಯಾದ ಪ್ರಧಾನಿ ರಾಬರ್ಟ್ ಫಿಟ್ಸೊ ಮೇಲೆ ಗುಂಡು ಹಾರಿಸಿದವನಿಗೆ 71. ಬ್ರಿಟನ್ನಿನ ಸಂಸದೆ ಜೋ ಕಾಕ್ಸ್ ಅವರನ್ನು 2016ರಲ್ಲಿ ಕೊಂದವನಿಗೆ 52. ಮರುವರ್ಷ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲೆ ಜನರ ಮೇಲೆ ಕಾರು ಹತ್ತಿಸಿದವನಿಗೂ 52. ಒಬ್ಬ ಬಿಳಿಯರ ಶ್ರೇಷ್ಠತೆಯ ಹುಚ್ಚು ಹತ್ತಿಸಿಕೊಂಡವನು, ಇನ್ನೊಬ್ಬ ಜಿಹಾದಿ ವಿಚಾರಕ್ಕೆ ಬಿದ್ದವನು. ಇಬ್ಬರಿಗೂ ಹೊಂದಿಕೆಯಾಗುವುದು ಆ 52 ಮಾತ್ರ. ಇನ್ನು ಈ ಕಡೆ ತುದಿ. 1960ರಲ್ಲಿ ಟೋಕಿಯೊದಲ್ಲಿ, ಚುನಾವಣಾ ಚರ್ಚೆಯ ವೇದಿಕೆ ಮೇಲೆ, ಎಲ್ಲರ ಕಣ್ಣೆದುರಿಗೆ ಸಮಾಜವಾದಿ ಪಕ್ಷದ ನಾಯಕ ಇನೆಜಿರೊ ಅಸನುಮಾ ಅವರನ್ನು ಕತ್ತಿಯಿಂದ ಇರಿದು ಕೊಂದವನಿಗೆ 17 ವರ್ಷ. ಅಂದರೆ 17ರ ಹುಡುಗರು ನಿನ್ನೆ ಮೊನ್ನೆ ಹುಟ್ಟಿಕೊಂಡವರಲ್ಲ. ಇಂಟರ್ನೆಟ್ ಬರುವ ಎಷ್ಟೋ ಮೊದಲೇ ಇದ್ದರು.

ಈಚಿನ ದಾಳಿಕೋರರ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. 2019ರಲ್ಲಿ ಕ್ರೈಸ್ಟ್‌ಚರ್ಚ್ ಊರಿನ ಮಸೀದಿಗಳಲ್ಲಿ ನಡೆದ ಹತ್ಯಾಕಾಂಡದ ನಂತರ ನ್ಯೂಜಿಲೆಂಡ್ ಪ್ರಧಾನಿ ಜಸಿಂಡಾ ಆರ್ಡರ್ನ್, ಆ ಮನುಷ್ಯನ ಹೆಸರನ್ನು ತಾವು ಎತ್ತುವುದೇ ಇಲ್ಲ ಅಂದರು. ಇವರಲ್ಲಿ ಹಲವರು ಕೊಲ್ಲುವುದೇ ಹೆಸರಿಗಾಗಿ. ನಾವು ಯಾಕೆ ಕೊಡಬೇಕು?

ಈಗ ಸಂಶೋಧಕರು ಏನು ಲೆಕ್ಕ ಹಾಕಿದ್ದಾರೆ ನೋಡೋಣ. 1977ರಲ್ಲಿ ರಸೆಲ್ ಮತ್ತು ಮಿಲ್ಲರ್ ಅನ್ನುವ ಇಬ್ಬರು 18 ಸಂಘಟನೆಗಳ 350ಕ್ಕೂ ಹೆಚ್ಚು ಜನರ ವಿವರ ಕೂಡಿಸಿದರು. ಹೆಚ್ಚಿನ ಸಂಘಟನೆಗಳಲ್ಲಿ ಸರಾಸರಿ ವಯಸ್ಸು 22ರಿಂದ 25. 2004ರಲ್ಲಿ ಮಾರ್ಕ್ ಸೇಜ್‌ಮನ್ ಅಲ್-ಖೈದಾ ಜಾಲದ 172 ಜನರನ್ನು ನೋಡಿದರು. ಅವರು ಸೇರಿಕೊಂಡಾಗಿನ ಸರಾಸರಿ ವಯಸ್ಸು ಸುಮಾರು 26. 2006ರಲ್ಲಿ ಎಡ್ವಿನ್ ಬಾಕರ್ ಯುರೋಪಿನ 242 ಜಿಹಾದಿಗಳ ಲೆಕ್ಕ ಮಾಡಿದಾಗ ಸರಾಸರಿ 27 ದಾಟಿತ್ತು. ಆದರೆ 2014ರಲ್ಲಿ ಪಾಲ್ ಗಿಲ್ ಮತ್ತು ಸಂಗಡಿಗರು 119 ಒಂಟಿ ದಾಳಿಕೋರರನ್ನು ಅಭ್ಯಾಸ ಮಾಡಿದರಲ್ಲ, ಅಲ್ಲಿ ಅತಿ ಚಿಕ್ಕವನಿಗೆ 15, ಅತಿ ದೊಡ್ಡವನಿಗೆ 69, ಸರಾಸರಿ 33.

ಗುಂಪಿಗೆ ಸೇರಿದವರು ಸರಾಸರಿ ಇಪ್ಪತ್ತು ದಾಟಿದವರು, ಒಂಟಿಯಾಗಿ ಮಾಡಿದವರು ಮೂವತ್ತು ದಾಟಿದವರು. ಯಾಕೆ ಹೀಗೆ? ಗುಂಪು ಬೆಳೆಯುವುದು ಗೆಳೆತನದಿಂದ. ಸೇಜ್‌ಮನ್ ನೋಡಿದ ಜನರಲ್ಲಿ ಬಹುಪಾಲು ಮಂದಿ ಗೆಳೆಯರು, ನೆಂಟರ ಮೂಲಕವೇ ಒಳಗೆ ಬಂದವರು. ಗೆಳೆಯರ ಮಾತು ವೇದವಾಕ್ಯ ಆಗಿರುವುದು ಯಾವ ವಯಸ್ಸಿನಲ್ಲಿ ಅಂತ ಶಿಕ್ಷಕಿಯಾದ ನಿಮಗೆ ನಾನು ಹೇಳಬೇಕಾಗಿಲ್ಲ. ಮನೆ, ಸಂಸಾರ, ಸಾಲ, ನೌಕರಿ ಯಾವುದೂ ಕಾಲಿಗೆ ಸುತ್ತಿಕೊಂಡಿರುವುದಿಲ್ಲ. ಒಂಟಿ ದಾಳಿಕೋರನ ಕಥೆ ಬೇರೆ. ಅವನಿಗೆ ಒಂದು ಕುಂದುಕೊರತೆ ಬೇಕು, ಅದು ಹಣ್ಣಾಗಬೇಕು. ಕೆಲಸ ಹೋಗಿರುತ್ತದೆ, ಮದುವೆ ಮುರಿದಿರುತ್ತದೆ, ಎಲ್ಲೋ ಅವಮಾನವಾಗಿರುತ್ತದೆ. ಇದಕ್ಕೆಲ್ಲ ಯಾರು ಕಾರಣ ಅಂತ ಹುಡುಕುತ್ತಾ ಹೋದವನಿಗೆ ಒಂದು ದಿನ ಯಾವುದೋ ಸಿದ್ಧಾಂತ ಸಿಗುತ್ತದೆ, ಅದು ಒಬ್ಬ ಶತ್ರುವನ್ನು ತೋರಿಸಿಕೊಡುತ್ತದೆ. ಇಷ್ಟೆಲ್ಲ ಆಗಲು ವರ್ಷಗಳು ಹಿಡಿಯುತ್ತವೆ. ಬಾಳಿನಲ್ಲಿ ಸೋಲಲು ಕೂಡ ಒಂದಿಷ್ಟು ಬಾಳಿರಬೇಕು, ಅಲ್ವಾ?

ಸಿದ್ಧಾಂತದ ಬಣ್ಣವೂ ವಯಸ್ಸನ್ನು ಸ್ವಲ್ಪ ಬದಲಿಸುತ್ತದೆ. ಅಮೆರಿಕದಲ್ಲಿ ಬಲಪಂಥದ ಉಗ್ರರು ಜಿಹಾದಿಗಳಿಗಿಂತ ಹಿರಿಯರು ಅನ್ನುವುದು ಹಲವು ಸಲ ಕಂಡುಬಂದ ಮಾತು. 2018ರಲ್ಲಿ ಪಿಟ್ಸ್‌ಬರ್ಗ್‌ನ ಯಹೂದಿ ಪ್ರಾರ್ಥನಾ ಮಂದಿರದಲ್ಲಿ 11 ಜನರನ್ನು ಕೊಂದವನಿಗೆ 46. ಆದರೆ ಅದೇ ವಿಚಾರದವನೊಬ್ಬ ಚಾರ್ಲ್ಸ್‌ಟನ್ ಚರ್ಚ್‌ನಲ್ಲಿ 2015ರಲ್ಲಿ 9 ಜನರನ್ನು ಕೊಂದಾಗ ಅವನಿಗೆ 21 ಆಗಿತ್ತು. ಹೀಗಾಗಿ ಬಣ್ಣ ನೋಡಿ ವಯಸ್ಸು ಹೇಳುವ ಸಾಹಸಕ್ಕೆ ನಾನು ಇಳಿಯುವುದಿಲ್ಲ.

ಸರಾಸರಿ ಅನ್ನುವುದನ್ನು ಪೂರ್ತಿ ನಂಬಬೇಡಿ. ಅಮೆರಿಕದ ಅಧ್ಯಕ್ಷರ ರಕ್ಷಣೆಯ ಹೊಣೆ ಹೊತ್ತ ಸೀಕ್ರೆಟ್ ಸರ್ವಿಸ್‌ನಲ್ಲಿ ಇಂಥ ಬೆದರಿಕೆಗಳನ್ನೇ ಅಧ್ಯಯನ ಮಾಡುವ ಒಂದು ಕೇಂದ್ರ ಇದೆ. 2016ರಿಂದ 2020ರವರೆಗೆ ಸಾರ್ವಜನಿಕ ಜಾಗಗಳಲ್ಲಿ ನಡೆದ 173 ಸಾಮೂಹಿಕ ದಾಳಿಗಳನ್ನು ಅದು ನೋಡಿತು. ದಾಳಿಕೋರರ ವಯಸ್ಸು 14ರಿಂದ 87ರವರೆಗೆ, ಸರಾಸರಿ 34. ಈ 34 ನೋಡಿ ಮೂವತ್ತನಾಲ್ಕರವರ ಮೇಲೆ ಕಣ್ಣಿಡಿ ಅಂತ ಯಾರಾದರೂ ಹೇಳಿದರೆ ನಗಬೇಕಷ್ಟೆ. ಶಾಲೆಗೆ ಬಂದೂಕು ತಂದ 16ರವನನ್ನೂ ಕೆಲಸದಿಂದ ತೆಗೆದರು ಅಂತ ಕಾರ್ಖಾನೆಗೆ ನುಗ್ಗಿದ 52ರವನನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ 34 ಬರುತ್ತದೆ. ಆ 34ರಲ್ಲಿ ಇಬ್ಬರೂ ಇಲ್ಲ.

ಇನ್ನೊಂದು ತೊಡಕೂ ಇದೆ. ಯಾವ ವಯಸ್ಸನ್ನು ಬರೆದುಕೊಳ್ಳುವುದು? ಅಮೆರಿಕದಲ್ಲಿ ಅಂಚೆಯಲ್ಲಿ ಬಾಂಬ್ ಕಳಿಸುತ್ತಿದ್ದ, ಯೂನಾಬಾಂಬರ್ ಅಂತ ಹೆಸರಾದವನ ಮೊದಲ ಬಾಂಬ್ 1978ರದು. ಆಗ ಅವನಿಗೆ 36. ಸಿಕ್ಕಿಬಿದ್ದದ್ದು 1996ರಲ್ಲಿ, 53ಕ್ಕೆ. ತಲೆಯಲ್ಲಿ ವಿಚಾರ ಹೊಕ್ಕ ವಯಸ್ಸು ಒಂದು, ಕೈ ಎತ್ತಿದ ವಯಸ್ಸು ಇನ್ನೊಂದು, ಪೊಲೀಸರ ಕಡತಕ್ಕೆ ಬಂದ ವಯಸ್ಸು ಮತ್ತೊಂದು. ಸುದ್ದಿಯಲ್ಲಿ ನಾವು ಓದುವುದು ಬಹುತೇಕ ಈ ಕೊನೆಯದು. ತಡೆಯಬೇಕು ಅನ್ನುವವರಿಗೆ ಬೇಕಾದದ್ದು ಮೊದಲನೆಯದು.

ವಯಸ್ಸಿನ ಲೆಕ್ಕ ಎಷ್ಟು ವಿಚಿತ್ರ ಅನ್ನುವುದಕ್ಕೆ ಒಂದು ಪ್ರಕರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಇತಿಹಾಸದ ಪಾಠದಲ್ಲಿ ಹೇಳಿಕೊಟ್ಟಿರಲೂಬಹುದು. 1914ರ ಜೂನ್ 28, ಸರಾಯೆವೊ. ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನೆಂಡ್ ಮತ್ತು ಅವನ ಹೆಂಡತಿ ಸೋಫಿಯನ್ನು ಗವ್ರಿಲೊ ಪ್ರಿನ್ಸಿಪ್ ಗುಂಡಿಟ್ಟು ಕೊಂದ. ಆಸ್ಟ್ರಿಯಾದ ಕಾನೂನಿನಲ್ಲಿ ಅಪರಾಧ ಮಾಡಿದಾಗ 20 ತುಂಬದವನಿಗೆ ಮರಣದಂಡನೆ ಇರಲಿಲ್ಲ. ಪ್ರಿನ್ಸಿಪ್ ಹುಟ್ಟಿದ್ದು ಒಂದು ದಾಖಲೆಯ ಪ್ರಕಾರ 1894ರ ಜೂನ್, ಇನ್ನೊಂದರ ಪ್ರಕಾರ ಜುಲೈ. ಜೂನ್ ಅಂದರೆ 20 ತುಂಬಿದೆ, ನೇಣು. ಜುಲೈ ಅಂದರೆ ತುಂಬಿಲ್ಲ, ಜೈಲು. ಕೋರ್ಟು ಜುಲೈ ಅನ್ನು ಒಪ್ಪಿತು. ನಾಲ್ಕು ವಾರದೊಳಗಿನ ಅಂತರದಲ್ಲಿ ಅವನ ಕೊರಳು ಉಳಿಯಿತು. 20 ವರ್ಷದ ಶಿಕ್ಷೆ ಆಯಿತು. 1918ರಲ್ಲಿ ಟೆರೆಜಿನ್ ಜೈಲಿನಲ್ಲಿ ಕ್ಷಯದಿಂದ ಸತ್ತ.

ಈಗ ಅವತ್ತಿನ ಗುಂಪನ್ನು ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿ ನೋಡಿ. ಬಂದೂಕು ಹಿಡಿದ ಪ್ರಿನ್ಸಿಪ್‌ಗೆ 19. ಅದಕ್ಕೆ ಮುಂಚೆ ಬಾಂಬ್ ಎಸೆದ ಚಾಬ್ರಿನೊವಿಚ್‌ಗೂ 19. ರಸ್ತೆಯಲ್ಲಿ ಆಯುಧ ಹಿಡಿದು ನಿಂತಿದ್ದ ವಾಸೊ ಚುಬ್ರಿಲೊವಿಚ್‌ಗೆ 17. ಆಯುಧ ಸಾಗಿಸಲು ನೆರವಾದವನು ಇವನ ಅಣ್ಣ ವೆಲ್ಕೊ, ಶಾಲಾ ಮೇಷ್ಟ್ರು, ಇಪ್ಪತ್ತರ ಕೊನೆಯಲ್ಲಿದ್ದವನು. ಇವರೆಲ್ಲರ ಹಿಂದೆ, ಬೆಲ್‌ಗ್ರೇಡ್‌ನಲ್ಲಿ ಕೂತಿದ್ದವನು ಸರ್ಬಿಯಾದ ಸೈನಿಕ ಗುಪ್ತಚರ ವಿಭಾಗದ ಮುಖ್ಯಸ್ಥ ಡ್ರಾಗುಟಿನ್ ಡಿಮಿಟ್ರಿಯೆವಿಚ್, ವಯಸ್ಸು 37. ಬೀದಿಗೆ ಹತ್ತಿರವಾದಷ್ಟೂ ವಯಸ್ಸು ಕಮ್ಮಿ, ದೂರ ಹೋದಷ್ಟೂ ಜಾಸ್ತಿ. ನೂರು ವರ್ಷದ ಮೇಲೂ ಈ ಜೋಡಣೆ ಹೆಚ್ಚೇನೂ ಬದಲಾಗಿಲ್ಲ. ಹಾಗಾಗಿ "ಭಯೋತ್ಪಾದಕರ ವಯಸ್ಸೆಷ್ಟು" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, "ಯಾವ ಕೆಲಸ ಮಾಡಿದವನದು?" ಅಂತ.

ಲಷ್ಕರ್-ಎ-ತೊಯ್ಬಾವನ್ನೇ ತೆಗೆದುಕೊಳ್ಳಿ. ಆ ಸಂಘಟನೆ ಸತ್ತ ತನ್ನ ಹುಡುಗರ ಬಗ್ಗೆ ತಾನೇ ಪ್ರಕಟಿಸಿಕೊಂಡ 900ಕ್ಕೂ ಹೆಚ್ಚು ಜೀವನಚಿತ್ರಗಳನ್ನು ಸಿ. ಕ್ರಿಸ್ಟೀನ್ ಫೇರ್ ಮತ್ತು ಸಂಗಡಿಗರು 2013ರಲ್ಲಿ ಓದಿ ಲೆಕ್ಕ ಹಾಕಿದರು. ಸೇರುವಾಗ ಸರಾಸರಿ ವಯಸ್ಸು ಸುಮಾರು 17. ಸಾಯುವಾಗ ಸುಮಾರು 21. ನಾಲ್ಕೈದು ವರ್ಷದ ಆಯಸ್ಸು, ಅಷ್ಟೇ. 2008ರ ಮುಂಬೈ ದಾಳಿಯಲ್ಲಿ ಜೀವಂತ ಸಿಕ್ಕವನಿಗೆ ಆಗ 21. ವಿಚಾರಣೆಯ ಶುರುವಿನಲ್ಲಿ ಅವನ ವಕೀಲರು, ದಾಳಿ ಮಾಡಿದಾಗ ಅವನಿಗೆ 18 ತುಂಬಿರಲಿಲ್ಲ ಅಂತ ವಾದಿಸಿದರು. ಕೋರ್ಟು ಮೂಳೆ ಮತ್ತು ಹಲ್ಲಿನ ಪರೀಕ್ಷೆ ಮಾಡಿಸಿತು. 20 ದಾಟಿದೆ ಅಂತ ವೈದ್ಯರು ಹೇಳಿದ ಮೇಲೆ ಆ ವಾದ ಬಿದ್ದುಹೋಯಿತು. ದಾಳಿ ನಡೆಯುವಾಗ ಗಡಿಯಾಚೆಯಿಂದ ಫೋನಿನಲ್ಲಿ "ಹೀಗೆ ಮಾಡಿ, ಹಾಗೆ ಮಾಡಿ" ಅಂತ ಹೇಳಿಕೊಡುತ್ತಿದ್ದವರ ದನಿಯೂ ದಾಖಲಾಗಿದೆ. ಆ ತುದಿಯಲ್ಲಿದ್ದವರು ಯಾರೂ ಮುಂಬೈಗೆ ಬರಲಿಲ್ಲ.

ಎಲ್ಲಕ್ಕಿಂತ ಕ್ರೂರವಾದದ್ದು ಬೊಕೊ ಹರಾಮ್ ಅನ್ನುವ ಉಗ್ರ ಸಂಘಟನೆ ಮಾಡಿದ ಕೆಲಸ. ನೈಜೀರಿಯಾ ಮತ್ತು ಸುತ್ತಲಿನ ದೇಶಗಳಲ್ಲಿ ಆತ್ಮಾಹುತಿ ದಾಳಿಗೆ ಮಕ್ಕಳನ್ನು ಬಳಸಿದ ಪ್ರಕರಣ 2014ರಲ್ಲಿ 4 ಇದ್ದದ್ದು 2015ರಲ್ಲಿ 44 ಆಯಿತು ಅಂತ ಯುನಿಸೆಫ್ ಹೇಳಿತು. ಆ ಮಕ್ಕಳಲ್ಲಿ ಮುಕ್ಕಾಲು ಪಾಲು ಹೆಣ್ಣುಮಕ್ಕಳು. ಮೈಗೆ ಬಾಂಬ್ ಕಟ್ಟಿ ಸಂತೆಗೆ ಕಳಿಸಿದ ಮಗುವನ್ನು "ಕಿರಿಯ ಭಯೋತ್ಪಾದಕಿ" ಅಂತ ಪಟ್ಟಿಗೆ ಸೇರಿಸಿ ಸರಾಸರಿ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವಳು ಆ ದಾಳಿಯಲ್ಲಿ ಸತ್ತವರ ಪಟ್ಟಿಗೆ ಸೇರಬೇಕಾದವಳು.

ಇನ್ನು "ಈಚೆಗೆ ಚಿಕ್ಕವರಾಗುತ್ತಿದ್ದಾರಾ" ಅನ್ನುವ ನಿಮ್ಮ ಅನುಮಾನ. ಇದರಲ್ಲಿ ಹುರುಳಿದೆ. ಬ್ರಿಟನ್ನಿನ ಒಳಗಿನ ಗುಪ್ತಚರ ಸಂಸ್ಥೆ ಎಂಐ5ನ ಮುಖ್ಯಸ್ಥ ಕೆನ್ ಮೆಕ್‌ಕ್ಯಾಲಂ 2024ರ ಅಕ್ಟೋಬರ್‌ನಲ್ಲಿ ಕೊಟ್ಟ ಲೆಕ್ಕ ಇದು: ದೇಶದೊಳಗಿನ ಭಯೋತ್ಪಾದನೆಗಾಗಿ ತಾವು ತನಿಖೆ ಮಾಡುತ್ತಿರುವವರಲ್ಲಿ 13 ಶೇಕಡ ಜನ 18ರೊಳಗಿನವರು, ಮೂರು ವರ್ಷದಲ್ಲಿ ಇದು ಮೂರು ಪಟ್ಟು ಆಗಿದೆ. ಆಸ್ಟ್ರೇಲಿಯಾದ ಗುಪ್ತಚರ ಸಂಸ್ಥೆಯಂತೂ, 2021ರ ಕೊನೆಗೆ ತನ್ನ ಆದ್ಯತೆಯ ಭಯೋತ್ಪಾದನಾ ತನಿಖೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಪ್ರಾಪ್ತರದ್ದು ಅಂದಿತು.

ಯಾಕೆ ಹೀಗಾಯಿತು ಅಂದರೆ ಎಲ್ಲರೂ ಹದಿಹರೆಯದ ಮಿದುಳಿನ ಕಡೆ ಕೈ ತೋರಿಸುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯ ಇದೆ. 2005ರಲ್ಲಿ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಕಾರು ಓಡಿಸುವ ವಿಡಿಯೊ ಗೇಮ್ ಆಡಿಸಿದರು. ಹಳದಿ ದೀಪ ಬಂದ ಮೇಲೂ ಎಷ್ಟು ದೂರ ಹೋಗುತ್ತೀರೋ ಅಷ್ಟು ಲಾಭ, ಆದರೆ ಯಾವ ಕ್ಷಣದಲ್ಲಾದರೂ ಕೆಂಪು ಬಂದು ಕಾರು ಗೋಡೆಗೆ ಹೊಡೆಯಬಹುದು. ಗೆಳೆಯರು ಪಕ್ಕದಲ್ಲಿ ಕೂತಿದ್ದಾಗ 13ರಿಂದ 16ರ ಮಕ್ಕಳ ದುಡುಕು ಬಹಳ ಏರಿತು. 24 ದಾಟಿದವರಲ್ಲಿ ಗೆಳೆಯರಿದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಸರಿ. ಆದರೆ ಈ ಮಿದುಳು 1990ರ ಮಕ್ಕಳಿಗೂ ಇತ್ತಲ್ಲ? ಮಿದುಳು ಬದಲಾಗಿಲ್ಲ ಅಂದ ಮೇಲೆ ಬದಲಾದ ಸಂಖ್ಯೆಗೆ ಅದೊಂದೇ ಕಾರಣ ಆಗಲಾರದು.

ಬದಲಾದದ್ದು ಬಾಗಿಲು. ಮುಂಚೆ ಉಗ್ರ ಸಂಘಟನೆಯನ್ನು ಸೇರುವುದು ಸುಲಭದ ಮಾತಾಗಿರಲಿಲ್ಲ. ಅಂಥವರು ಎಲ್ಲಿದ್ದಾರೆ ಅಂತ ಗೊತ್ತಾಗಬೇಕು. ಪರಿಚಯದವರು ಜಾಮೀನು ನಿಲ್ಲಬೇಕು. ಅವರು ತಿಂಗಳುಗಟ್ಟಲೆ ಪರೀಕ್ಷಿಸಬೇಕು. ಆಮೇಲೆ ಮನೆ ಬಿಟ್ಟು ಪ್ರಯಾಣ, ತರಬೇತಿ. ಇದೆಲ್ಲ ಮುಗಿಯುವಷ್ಟರಲ್ಲಿ 16ರವನಿಗೆ 22, 23 ಆಗುತ್ತಿತ್ತು. ಎಷ್ಟೋ ಜನ ಮಧ್ಯದಲ್ಲೇ ಬೇಸತ್ತು ವಾಪಸ್ ಬರುತ್ತಿದ್ದರು. ಹಳೆಯ ಅಧ್ಯಯನಗಳ 22, 25, 26 ಇದೆಯಲ್ಲ, ಅದರಲ್ಲಿ ಈ ಕಾಯುವ ಕಾಲವೂ ಸೇರಿಕೊಂಡಿದೆ ಅನ್ನುವುದು ನನ್ನ ಓದು. ಈಗ ಕಾಯುವುದೇ ಇಲ್ಲ. ಚಾಟ್ ಗ್ರೂಪಿನಲ್ಲಿ ಯಾರೂ ನಿನ್ನ ಮುಖ ನೋಡುವುದಿಲ್ಲ, ವಯಸ್ಸು ಕೇಳುವುದಿಲ್ಲ. ಫೊಯರ್‌ಕ್ರೀಗ್ ಡಿವಿಷನ್ ಅನ್ನುವ ನವ-ನಾಜಿ ಜಾಲವನ್ನು "ಕಮಾಂಡರ್" ಅನ್ನುವ ಹೆಸರಿನಲ್ಲಿ ನಡೆಸುತ್ತಿದ್ದವನು ಎಸ್ಟೋನಿಯಾದ 13 ವರ್ಷದ ಹುಡುಗ ಅಂತ 2020ರಲ್ಲಿ ಬಯಲಾಯಿತು. ಅವನ ಆಜ್ಞೆ ಪಾಲಿಸುತ್ತಿದ್ದ ದೊಡ್ಡವರಿಗೆ ಅದು ಗೊತ್ತಿದ್ದಂತೆ ಕಾಣುವುದಿಲ್ಲ. ಅದೇ ಜಾಲದ ಬ್ರಿಟನ್ ಘಟಕವನ್ನು ನಡೆಸಿದವನು ಕಾರ್ನ್‌ವಾಲ್‌ನ ಹುಡುಗ. ಮೊದಲ ಅಪರಾಧ ಮಾಡಿದಾಗ ಅವನಿಗೂ 13.

ಜೊತೆಗೆ ಅನುಕರಣೆ. ಕ್ರೈಸ್ಟ್‌ಚರ್ಚ್‌ನಲ್ಲಿ 51 ಜನರನ್ನು ಕೊಂದವನಿಗೆ 28 ವರ್ಷ. ಅವನು ಅದನ್ನು ನೇರಪ್ರಸಾರ ಮಾಡಿದ. ಅವನ ದಾರಿ ಹಿಡಿದವರ ವಯಸ್ಸು ನೋಡಿ: ಅದೇ ವರ್ಷ ಅಮೆರಿಕದ ಪೋವೆಯಲ್ಲಿ 19, ಎಲ್ ಪಾಸೊದಲ್ಲಿ 21, 2022ರಲ್ಲಿ ಅಲ್ಲಿಯದೇ ಬಫಲೊದಲ್ಲಿ 18, ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ 19. ಸಿಂಗಾಪುರದಲ್ಲಿ 2020ರ ಡಿಸೆಂಬರ್‌ನಲ್ಲಿ ಹಿಡಿದ 16ರ ಹುಡುಗ, ಕ್ರೈಸ್ಟ್‌ಚರ್ಚ್ ದಾಳಿಯ ವರ್ಷಾಚರಣೆಯ ದಿನವೇ ಎರಡು ಮಸೀದಿಗಳ ಮೇಲೆ ಬೀಳಲು ಸಿದ್ಧತೆ ಮಾಡಿಕೊಂಡಿದ್ದ. ಇವರು ಒಬ್ಬರನ್ನೊಬ್ಬರು ಭೇಟಿಯಾದವರಲ್ಲ. ಕಲಿಸಿದ್ದು ವಿಡಿಯೊ.

ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು. ತನಿಖೆಯಲ್ಲಿರುವ ಮಕ್ಕಳ ಸಂಖ್ಯೆ ಏರಿದೆ ಅಂದರೆ ಕೊಲ್ಲುವ ಮಕ್ಕಳ ಸಂಖ್ಯೆ ಅಷ್ಟೇ ಏರಿದೆ ಅಂತ ಅಲ್ಲ. ಬ್ರಿಟನ್ನಿನಂಥ ಕಡೆ ಬಾಂಬ್ ತಯಾರಿಯ ಕೈಪಿಡಿ ಇಟ್ಟುಕೊಂಡಿದ್ದರೆ, ಹಂಚಿದರೆ ಅದೇ ಅಪರಾಧ. ಕಾರ್ನ್‌ವಾಲ್ ಹುಡುಗನ ಮೇಲಿದ್ದದ್ದೂ ಇಂಥ ಆರೋಪಗಳೇ. ಒಪ್ಪಿಕೊಂಡ, ಜೈಲಾಗಲಿಲ್ಲ, ಎರಡು ವರ್ಷದ ಸುಧಾರಣಾ ಆದೇಶ ಆಯಿತು. ಮುಂಚೆ ಹುಡುಗರು ಬಾಯಲ್ಲಿ ಬಡಬಡಿಸಿದ್ದು ಗಾಳಿಗೆ ಹೋಗುತ್ತಿತ್ತು. ಈಗ ಬಡಬಡಿಸಿದ್ದೆಲ್ಲ ಸರ್ವರ್‌ನಲ್ಲಿ ಉಳಿಯುತ್ತದೆ. ಲೆಕ್ಕ ಏರಿದ್ದರಲ್ಲಿ ಇದರ ಪಾಲೂ ಇದೆ.

ಎರಡನ್ನೂ ಒಟ್ಟಿಗೆ ನೋಡಬೇಕಾದ ಪ್ರಕರಣ ಸೌತ್‌ಪೋರ್ಟ್. 2024ರ ಜುಲೈ 29ರಂದು ಇಂಗ್ಲೆಂಡಿನ ಆ ಊರಲ್ಲಿ ಮಕ್ಕಳ ನೃತ್ಯ ತರಗತಿಗೆ ನುಗ್ಗಿದ ಹುಡುಗ ಮೂವರು ಪುಟ್ಟ ಹುಡುಗಿಯರನ್ನು ಇರಿದು ಕೊಂದ. ಅವನಿಗೆ 18 ತುಂಬಲು 9 ದಿನ ಬಾಕಿ ಇತ್ತು. ಹಾಗಾಗಿ ಬದುಕಿರುವವರೆಗೂ ಹೊರಗೆ ಬಿಡದ ಶಿಕ್ಷೆ ಕೊಡಲು ಕಾನೂನಿನಲ್ಲಿ ಜಾಗ ಇರಲಿಲ್ಲ. ಕನಿಷ್ಠ 52 ವರ್ಷ ಅಂತ ಆಯಿತು. ಸರಾಯೆವೊದಲ್ಲಿ ನಾಲ್ಕು ವಾರ, ಇಲ್ಲಿ 9 ದಿನ. ಕಾನೂನಿಗೆ ಎಲ್ಲೋ ಒಂದು ಗೆರೆ ಎಳೆಯಲೇಬೇಕು, ಮನಸ್ಸಿನಲ್ಲಿ ಅಂಥ ಗೆರೆ ಇರುವುದಿಲ್ಲ. ಆದರೆ ನಾನು ಈ ಪ್ರಕರಣ ಎತ್ತಿದ್ದು ಅದಕ್ಕಲ್ಲ. ಉಗ್ರವಾದದತ್ತ ಜಾರುವವರನ್ನು ತಡೆಯಲೆಂದೇ ಇರುವ ಪ್ರಿವೆಂಟ್ ಯೋಜನೆಗೆ ಈ ಹುಡುಗನ ಹೆಸರು ಮೂರು ಸಲ ಬಂದಿತ್ತು. ಆಗ ಅವನಿಗೆ 13, 14. ಮೂರು ಸಲವೂ ಕಡತ ಮುಚ್ಚಿದರು. ಸ್ಪಷ್ಟವಾದ ಸಿದ್ಧಾಂತ ಕಾಣಲಿಲ್ಲ ಅನ್ನುವುದು ಒಂದು ಮುಖ್ಯ ಕಾರಣ. ಹಿಂಸೆಯ ಮೇಲೆ ಅವನಿಗಿದ್ದ ಗೀಳು ಮಾತ್ರ ಎದ್ದು ಕಾಣುತ್ತಿತ್ತು. ಚಿಕ್ಕ ವಯಸ್ಸಿನವರಲ್ಲಿ ಹೀಗೇ. ವಿಚಾರ ಕಲಸುಮೇಲೋಗರವಾಗಿರುತ್ತದೆ. ಇವತ್ತು ನಾಜಿ, ನಾಳೆ ಜಿಹಾದಿ, ನಾಡಿದ್ದು ಶಾಲೆಯಲ್ಲಿ ಗುಂಡು ಹಾರಿಸಿದವರ ಆರಾಧನೆ. ಮೊದಲು ಬರುವುದು ಹಿಂಸೆ, ನೆಪ ಆಮೇಲೆ.

ಹಾಗಾದರೆ ಬೆಳೆದರೆ ಸರಿಹೋಗುತ್ತಾರಾ? ಮಾಮೂಲಿ ಅಪರಾಧದಲ್ಲಿ ಹೌದು ಅನ್ನಬಹುದು. ಕಳ್ಳತನ, ಹೊಡೆದಾಟ ಹರೆಯದಲ್ಲಿ ತುದಿಗೇರಿ ಆಮೇಲೆ ಇಳಿಯುತ್ತವೆ ಅಂತ ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟಲೆ 1830ರ ದಶಕದಿಂದಲೇ ತೋರಿಸಿದ್ದಾನೆ. ನಮ್ಮ ವಿಷಯದಲ್ಲಿ ಅಷ್ಟು ಸಲೀಸಾಗಿ ಹೇಳಲಾಗದು. ಸರಾಯೆವೊದ 17ರ ಹುಡುಗ ವಾಸೊನನ್ನೇ ನೋಡಿ. ಮೇಷ್ಟ್ರಾಗಿದ್ದ ಅಣ್ಣನನ್ನು ನೇಣಿಗೆ ಹಾಕಿದರು. ವಯಸ್ಸು ಕಮ್ಮಿ ಅಂತ ಇವನಿಗೆ 16 ವರ್ಷ ಜೈಲು. 1918ರಲ್ಲಿ ಸಾಮ್ರಾಜ್ಯವೇ ಮುರಿದುಬಿದ್ದು ಹೊರಗೆ ಬಂದ. ಓದಿದ, ಬೆಲ್‌ಗ್ರೇಡ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕನಾದ, ಯುಗೊಸ್ಲಾವಿಯಾದಲ್ಲಿ ಮಂತ್ರಿಯೂ ಆದ, 93 ವರ್ಷ ಬದುಕಿ 1990ರಲ್ಲಿ ತೀರಿಕೊಂಡ. ಮತ್ತೆ ಯಾವತ್ತೂ ಬಾಂಬ್ ಹಿಡಿಯಲಿಲ್ಲ. ಕೇಳಲು ಚೆನ್ನಾಗಿದೆ. ಆದರೆ 1937ರಲ್ಲಿ ಇದೇ ಪ್ರಾಧ್ಯಾಪಕ, ಅಲ್ಬೇನಿಯನ್ನರನ್ನು ದೇಶದಿಂದ ಹೊರಗಟ್ಟಬೇಕು ಅಂತ ಒಂದು ಟಿಪ್ಪಣಿ ಬರೆದುಕೊಟ್ಟ. ಕೈ ಆಯುಧವನ್ನು ಬಿಟ್ಟಿತ್ತು, ತಲೆ ಬಿಟ್ಟಿರಲಿಲ್ಲ. ನಮ್ಮ ಕ್ಷೇತ್ರದಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿಯೇ ಅಳೆಯುತ್ತೇವೆ.

ಈಗ ನಿಮ್ಮ ತರಗತಿಗೆ ಬರೋಣ. ಮೊದಲು ಒಂದು ಲೆಕ್ಕ. ಹತ್ತು ಲಕ್ಷ ಹುಡುಗರಲ್ಲಿ ಹತ್ತು ಜನ ಮುಂದೆ ದಾಳಿ ಮಾಡುವವರು ಅಂತ ಇಟ್ಟುಕೊಳ್ಳಿ. ನೂರಕ್ಕೆ 99 ಸಲ ಸರಿ ಹೇಳುವ ಪರೀಕ್ಷೆಯೊಂದು ನಮ್ಮ ಕೈಲಿದೆ ಅಂತಲೂ ಇಟ್ಟುಕೊಳ್ಳಿ, ನಿಜದಲ್ಲಿ ಅಂಥದ್ದು ಇಲ್ಲ. ಆಗಲೂ ಆ ಹತ್ತು ಜನರ ಜೊತೆಗೆ ಏನೂ ತಪ್ಪು ಮಾಡದ ಸುಮಾರು 10,000 ಹುಡುಗರು ಸಿಕ್ಕಿಬೀಳುತ್ತಾರೆ. ಹೀಗಿರುವಾಗ "15 ವರ್ಷ, ಹುಡುಗ, ವಿಡಿಯೊ ನೋಡುತ್ತಾನೆ" ಅನ್ನುವುದರಿಂದ ಏನೂ ತೀರ್ಮಾನ ಮಾಡಲಾಗದು. ಇಂಥ ವಿಡಿಯೊ ನೋಡುವ ಮಕ್ಕಳಲ್ಲಿ ಬಹುಪಾಲು ಜನ ಧೈರ್ಯ ತೋರಿಸಿಕೊಳ್ಳಲು, ಪಕ್ಕದವರನ್ನು ಬೆಚ್ಚಿಬೀಳಿಸಲು ನೋಡುತ್ತಾರೆ. ನಗುವುದು ಕೂಡ ಕೆಲವೊಮ್ಮೆ ಹೆದರಿಕೆಯ ಇನ್ನೊಂದು ಮುಖ.

ಆದರೆ ಸುಮ್ಮನಿರಿ ಅಂತ ನಾನು ಹೇಳುತ್ತಿಲ್ಲ. 2002ರಲ್ಲಿ ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ 37 ಶಾಲಾ ದಾಳಿಗಳನ್ನು ಪರಿಶೀಲಿಸಿದವು. ದಾಳಿಕೋರರು 11ರಿಂದ 21ರವರು. ಇಂಥವನೇ ಮಾಡುತ್ತಾನೆ ಅನ್ನುವ ಒಂದು ಚಹರೆ ಸಿಗಲೇ ಇಲ್ಲ. ಅದರ ಬದಲು ಸಿಕ್ಕಿದ್ದು ಇದು: 81 ಶೇಕಡ ದಾಳಿಗಳಲ್ಲಿ, ಅವನು ಹೀಗೆ ಯೋಚಿಸುತ್ತಿದ್ದಾನೆ ಅಂತ ಕನಿಷ್ಠ ಒಬ್ಬರಿಗಾದರೂ ಮೊದಲೇ ಗೊತ್ತಿತ್ತು. ಗೊತ್ತಿದ್ದವರು ಹೆಚ್ಚಾಗಿ ಗೆಳೆಯರು, ಸಹಪಾಠಿಗಳು, ಒಡಹುಟ್ಟಿದವರು. ದೊಡ್ಡವರಿಗೆ ಸುದ್ದಿ ಮುಟ್ಟಿದ್ದು ಅಪರೂಪ. ವಯಸ್ಸಾದ ದಾಳಿಕೋರರದ್ದೂ ಬೇರೆ ಕಥೆಯಲ್ಲ. ಗಿಲ್ ನೋಡಿದ ಆ 119 ಒಂಟಿ ದಾಳಿಕೋರರಲ್ಲಿ ಸುಮಾರು 64 ಶೇಕಡ ಜನ ತಮ್ಮ ಉದ್ದೇಶವನ್ನು ಮನೆಯವರಿಗೋ ಸ್ನೇಹಿತರಿಗೋ ಬಾಯಿಬಿಟ್ಟು ಹೇಳಿದ್ದರು.

ಹಾಗಾಗಿ ನೀವು ಕಿವಿ ಕೊಡಬೇಕಾದದ್ದು ಅವನ ಮಾತಿಗೆ, ಅದು ಯಾವ ಕಡೆ ತಿರುಗುತ್ತಿದೆ ಅನ್ನುವುದಕ್ಕೆ. "ವಿಡಿಯೊ ನೋಡು, ಹೇಗಿದೆ" ಅನ್ನುವುದು ಒಂದು. "ಅವನು ಮಾಡಿದ್ದು ಸರಿ" ಅನ್ನುವುದು ಇನ್ನೊಂದು. "ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ" ಅನ್ನುವುದು ಬೇರೆಯೇ. ದಾಳಿಕೋರನ ಬಟ್ಟೆ, ಸಹಿ, ಘೋಷಣೆ ನೋಟ್‌ಬುಕ್ಕಿನಲ್ಲಿ ಕಾಣಿಸುತ್ತಿದೆಯಾ? ಇದ್ದ ಗೆಳೆಯರನ್ನು ಬಿಡುತ್ತಿದ್ದಾನಾ? ಈಚೆಗೆ ಮನೆಯಲ್ಲಿ, ಶಾಲೆಯಲ್ಲಿ ಏನಾದರೂ ಪೆಟ್ಟು ಬಿದ್ದಿದೆಯಾ, ಯಾರಾದರೂ ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾರಾ? ಇವಕ್ಕೆಲ್ಲ ಉತ್ತರ ಸಿಗಬೇಕಾದರೆ ಅವನು ಒಬ್ಬನೇ ಇರುವಾಗ ಜೊತೆಗೆ ಕೂತು ಮಾತಾಡಬೇಕು. ತರಗತಿಯ ಮುಂದೆ ನಿಲ್ಲಿಸಿ ಬೈದರೆ ಅವನಿಗೆ ಬೇಕಾದ ಪ್ರೇಕ್ಷಕರನ್ನು ನೀವೇ ಕೊಟ್ಟಂತೆ. "ಇದರಲ್ಲಿ ನಿನಗೇನು ಇಷ್ಟ ಆಗುತ್ತೆ?" ಅಂತ ನಿಜವಾಗಿ ತಿಳಿಯುವ ಆಸೆಯಿಂದ ಕೇಳಿ. 15ರ ಹುಡುಗರು ಕೇಳಿದರೆ ಹೇಳುತ್ತಾರೆ, ಈ ವಯಸ್ಸಿನ ದೊಡ್ಡ ಅನುಕೂಲ ಅದು. 50ರವನು ಹೇಳುವುದಿಲ್ಲ, ಅವನನ್ನು ಕೇಳುವವರೂ ಯಾರೂ ಉಳಿದಿರುವುದಿಲ್ಲ. ಉಳಿದ ಮಕ್ಕಳಿಗೂ ಒಂದು ಮಾತು ತಿಳಿಸಿಡಿ: ಯಾರಾದರೂ ಯಾರನ್ನಾದರೂ ಕೊಲ್ಲುವ ಮಾತಾಡಿದರೆ ನಿಮಗೆ ಬಂದು ಹೇಳಬಹುದು, ಹೇಳಿದವರ ಹೆಸರು ಹೊರಗೆ ಬರುವುದಿಲ್ಲ.

ಅವನ ಮಾತಿನಲ್ಲಿ ಒಂದು ದಿನಾಂಕ, ಒಂದು ಜಾಗ, ಒಬ್ಬರ ಹೆಸರು ಅಥವಾ ಆಯುಧ ಹೊಂದಿಸುವ ಪ್ರಯತ್ನ, ಇವುಗಳಲ್ಲಿ ಯಾವುದಾದರೂ ಒಂದು ಬಂತು ಅನ್ನಿ. ಆಗ ಆಪ್ತ ಸಮಾಲೋಚನೆಗೆ ಕಾಯಬೇಡಿ. ಅವತ್ತೇ ಮುಖ್ಯೋಪಾಧ್ಯಾಯರಿಗೆ, ಮನೆಯವರಿಗೆ, ಪೊಲೀಸರಿಗೆ ತಿಳಿಸಿ. ಅಲ್ಲಿಯವರೆಗೆ ಅವನ ಹೆಸರನ್ನು ಯಾವ ಪಟ್ಟಿಗೂ ಸೇರಿಸಬೇಡಿ. ಸ್ಟಾಫ್ ರೂಮಿನಲ್ಲೂ ಹರಟೆಗೆ ಎಳೆಯಬೇಡಿ.